ಪಗಾರ, ಪಾಗಾರ ಮತ್ತು ಶೆಟ್ಟರ ಸೊಸೆ

ಬೇಲಿಗೆ ಒರಗಿಕೊಂಡು ಹರಟೆ ಹೊಡೆಯಬೇಕಾದರೆ ಮೊದಲು ಬೇಲಿ ಇರಬೇಕು. ಮುಂಬಯಿಯಲ್ಲಿ ಬೇಲಿಯನ್ನು ಎಲ್ಲಿಂದ ತರುವುದು? ಬೇಲಿಗೆ ಬೇಕಾಗುವಷ್ಟು ಜಾಗ ಸಿಕ್ಕಿದ್ದರೆ ಇಲ್ಲಿ ಯಾರಾದರೊಬ್ಬರು ಅಷ್ಟರಲ್ಲೇ ವಡಾಪಾವ್ ಗಾಡಿ ಹಾಕಿ ಇಬ್ಬರು ಮಕ್ಕಳನ್ನು ಇಂಜಿನಿಯರ್ ಮಾಡಿರುತ್ತಿದ್ದರು. ಆದರೂ ನಾನು ಪುಣ್ಯವಂತ. ಘಾಟ್ಕೋಪರ್ ಪೂರ್ವದ ನಮ್ಮ ಸೊಸೈಟಿಗೂ ಪಕ್ಕದ ಸೊಸೈಟಿಗೂ ನಡುವೆ ಎದೆಯೆತ್ತರದ ಒಂದು ಗೋಡೆ ಇದೆ. ಅದರ ತಲೆಯ ಮೇಲೆ ಉದ್ದಕ್ಕೂ ಗಾಜಿನ ಚೂರು ನೆಟ್ಟಿದ್ದಾರೆ. ಒಂದು ಕಡೆ ಮಾತ್ರ, ಯಾವುದೋ ಮಳೆಗಾಲದಲ್ಲಿ ಸಿಮೆಂಟು ಕಿತ್ತುಬಂದು, ಮೂರಡಿ ಜಾಗ ಬೋಳಾಗಿದೆ. ಅಲ್ಲಿ ಆ ಕಡೆಯಿಂದ ಶೆಟ್ಟರು, ಈ ಕಡೆಯಿಂದ ನಾನು ಮೊಣಕೈ ಊರುತ್ತೇವೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಜಗತ್ತಿನ ಯಾವ ವಿಷಯಕ್ಕೂ ನಮ್ಮಿಂದ ರಿಯಾಯಿತಿ ಇಲ್ಲ.

ಶೆಟ್ಟರು ಕಾರ್ಕಳದ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಬಸ್ಸು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಈಗ ಸ್ವಂತ ಹೋಟೆಲಿನ ಗಲ್ಲಾ ಮೇಲೆ ಕೂತವರು. ನಾನು ಗದಗಿನ ಕಡೆಯವನು. ಬ್ಯಾಂಕಿನಲ್ಲಿ ಊರವರ ದುಡ್ಡು ಎಣಿಸಿ ಎಣಿಸಿ ನಿವೃತ್ತನಾದವನು. ಪರಿಚಯವಾದ ಹೊಸದರಲ್ಲಿ ಅವರೊಮ್ಮೆ, "ರಾಯರೇ, ಪಾಗಾರ ಬಿದ್ದಿದೆ, ನೋಡಿದಿರಾ?" ಅಂದರು.

"ಪಗಾರ ಬಿದ್ದದ್ದು ಛಲೋ ಆತಲ್ರೀ. ಯಾವ ಬ್ಯಾಂಕಿನ್ಯಾಗ?" ಅಂದೆ.

ಅವರು ಗೋಡೆಯ ಕಡೆ ಬೆರಳು ತೋರಿಸಿದರು. ಅವರ ಊರಿನಲ್ಲಿ ಪಾಗಾರ ಎಂದರೆ ಕಾಂಪೌಂಡ್ ಗೋಡೆ. ನಮ್ಮ ಕಡೆ, ಈ ಮುಂಬಯಿಯಲ್ಲೂ, ಪಗಾರ ಎಂದರೆ ಸಂಬಳ. ಒಂದು ದೀರ್ಘದ ವ್ಯತ್ಯಾಸದಲ್ಲಿ ನಮ್ಮ ಸ್ನೇಹ ಶುರುವಾಯಿತು. ಅವರ ಪಾಗಾರ ಸಂಸ್ಕೃತದ ಪ್ರಾಕಾರ ಸವೆದು ಬಂದದ್ದು. ನಮ್ಮ ಪಗಾರ ಪೋರ್ಚುಗೀಸರದು. ಅವರ ಭಾಷೆಯಲ್ಲಿ ಪಗಾರ್ ಎಂದರೆ ಹಣ ಕೊಡು. ಎರಡಕ್ಕೂ ಸಂಬಂಧವೇ ಇಲ್ಲ ಎಂದುಕೊಂಡಿದ್ದೆ. ಕಳೆದ ಭಾನುವಾರ ಶೆಟ್ಟರ ಸೊಸೆ ಆ ಸಂಬಂಧ ಕೂಡಿಸಿಕೊಟ್ಟಳು.

ಸೊಸೆ ಎಂದರೆ ಮಗನ ಹೆಂಡತಿಯಲ್ಲ, ತಂಗಿಯ ಮಗಳು. ಅಳಿಯಕಟ್ಟಿನ ಮನೆತನ, ಅಲ್ಲಿ ಮಾವನ ಗಲ್ಲಾದ ಮೇಲೆ ತಂಗಿಯ ಮಕ್ಕಳಿಗಿರುವ ಹಕ್ಕಿನ ಬಗ್ಗೆ ಕಾನೂನು ಏನೇ ಹೇಳಲಿ, ರಕ್ತ ಇನ್ನೂ ಮರೆತಿಲ್ಲ. ಈ ಹುಡುಗಿ ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, ಠಾಣೆ ಖಾರಿಯ ಕಾಂಡ್ಲಾ ಗಿಡಗಳ ಬುಡದ ಕೆಸರು. ಕೆಸರಿನಲ್ಲಿ ಯಾವ ಲೋಹ ಎಷ್ಟಿದೆ, ಅದು ಬೇರಿಗೆಷ್ಟು ಏರುತ್ತದೆ, ಎಲೆಗೆಷ್ಟು ಹೋಗುತ್ತದೆ ಎಂಬ ಲೆಕ್ಕ. ಆ ಖಾರಿ ನಮ್ಮ ಮನೆಯಿಂದ ದೂರವೇನಿಲ್ಲ. ಚಳಿಗಾಲದಲ್ಲಿ ಗುಲಾಬಿ ಬಣ್ಣದ ರಾಜಹಂಸಗಳು ಸಾವಿರಗಟ್ಟಲೆ ಬಂದಿಳಿಯುವ, 2022ರಲ್ಲಿ ರಾಮ್‌ಸರ್ ಪಟ್ಟಿ ಸೇರಿದ ಅದೇ ಖಾರಿ. ಭರತ ಇಳಿದಾಗ ಗಾಳಿ ಈ ಕಡೆ ತಿರುಗಿದರೆ ಅವಳ ಸಂಶೋಧನೆಯ ವಿಷಯ ನಮ್ಮ ಮೂಗಿಗೇ ಬರುತ್ತದೆ.

ಆ ದಿನ ಅವಳು ಮೊಬೈಲು ಹಿಡಿದು ಮುಖ ಊದಿಸಿಕೊಂಡು ಪಾಗಾರದ ಹತ್ತಿರ ಬಂದಳು. "ಮಾವ, ಈ ಖಾರಿಯ ಕೆಸರಿನ ಮೇಲೆ ಹಿಂದೆ ಯಾರೋ ಕೆಲಸ ಮಾಡಿದ್ದಾರೆ. ಹನ್ನೆರಡು ಪುಟದ ಲೇಖನ. ಓದಬೇಕಾದರೆ ನಲವತ್ತು ಡಾಲರ್ ಕೇಳ್ತಾ ಇದೆ. ಪೇವಾಲ್."

"ಎಂತದು ವಾಲು?"

"ದುಡ್ಡು ಕೊಟ್ಟರೆ ಮಾತ್ರ ಬಾಗಿಲು ತೆಗೆಯುವ ಗೋಡೆ, ಮಾವ."

ನನಗೆ ತಟ್ಟನೆ ಹೊಳೆಯಿತು. "ಶೆಟ್ರ, ಇದು ಪಗಾರದ ಪಾಗಾರ ನೋಡ್ರಿ!" ಇಬ್ಬರ ಊರಿನ ಮಾತೂ ಒಂದೇ ಗೋಡೆಯಲ್ಲಿ ಸೇರಿಹೋಗಿತ್ತು.

ಶೆಟ್ಟರಿಗೆ ನಗು ಬರಲಿಲ್ಲ. ವ್ಯಾಪಾರದ ವಿಷಯ ಬಂದರೆ ಅವರು ನಗುವುದಿಲ್ಲ. ಒಂದೊಂದಾಗಿ ವಿಚಾರಿಸತೊಡಗಿದರು, ಹೊಸ ಬ್ರಾಂಚಿನ ಲೆಕ್ಕ ನೋಡುವ ಹಾಗೆ.

"ಆ ಲೇಖನ ಬರೆದವರು ಯಾರು?"

"ಯಾವುದೋ ಕಾಲೇಜಿನ ಪ್ರೊಫೆಸರ್."

"ಅವರಿಗೆ ಸಂಬಳ?"

"ಕಾಲೇಜಿನದು."

"ಕೆಸರು ಪರೀಕ್ಷೆ ಮಾಡುವ ಮಿಷನ್ನು?"

"ಸರ್ಕಾರದ ಅನುದಾನ."

"ಸರಿ ಉಂಟೋ ತಪ್ಪು ಉಂಟೋ ಅಂತ ನೋಡುವವರು?"

"ಬೇರೆ ಕಾಲೇಜಿನ ಪ್ರೊಫೆಸರುಗಳು. ಪುಕ್ಕಟೆ ನೋಡಿಕೊಡುತ್ತಾರೆ."

"ಪತ್ರಿಕೆಯವ ಬರೆದವರಿಗೆ ಎಷ್ಟು ಕೊಡ್ತಾನೆ?"

"ಏನೂ ಇಲ್ಲ."

"ಓದುವವರು ಯಾರು?"

"ನಮ್ಮಂಥವರೇ. ನಾಳೆ ಬರೆಯುವವರು."

ಶೆಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಕ್ಕಿ ಸರ್ಕಾರದ್ದು, ಭಟ್ಟರ ಸಂಬಳ ಕಾಲೇಜಿನದ್ದು, ರುಚಿ ನೋಡುವವ ಬಿಟ್ಟಿ, ಕೊನೆಗೆ ಗಿರಾಕಿಯೂ ಅಡುಗೆ ಮಾಡಿದವನೇ. "ಮಾರಾಯ್ರೇ, ನಲವತ್ತು ವರ್ಷ ಹೋಟೆಲು ನಡೆಸಿದೆ. ಒಂದು ದಿನ ಆದರೂ ಈ ಬುದ್ಧಿ ಬರಲಿಲ್ಲವಲ್ಲ ನನಗೆ!"

ನ್ಯಾಯವಾಗಿ ಹೇಳಬೇಕಾದರೆ ಗಲ್ಲಾದ ಮೇಲೆ ಕೂತವನಿಗೂ ಖರ್ಚು ಇರುತ್ತದೆ. ಭಾಷೆ ತಿದ್ದಬೇಕು, ಪುಟ ಕಟ್ಟಬೇಕು, ಕಳ್ಳ ಲೇಖನಗಳನ್ನು ಹಿಡಿಯಬೇಕು, ಐವತ್ತು ವರ್ಷ ಆದರೂ ಅಳಿಯದ ಹಾಗೆ ಕಾದಿಡಬೇಕು. ಇದೆಲ್ಲ ಗಾಳಿಯಲ್ಲಿ ಆಗುವುದಿಲ್ಲ. ಆದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುವ ಗಾದೆಯನ್ನು ಇಷ್ಟು ಚೆನ್ನಾಗಿ ಪಾಲಿಸಿದ ಇನ್ನೊಂದು ವ್ಯಾಪಾರ ನನಗಂತೂ ಗೊತ್ತಿಲ್ಲ.

ಸೊಸೆಯ ಸಂಕಟ ಅಲ್ಲಿಗೆ ಮುಗಿದಿರಲಿಲ್ಲ. ಅವಳ ಸ್ವಂತ ಲೇಖನವನ್ನು ಒಂದು ವಿದೇಶಿ ಪತ್ರಿಕೆ ಒಪ್ಪಿಕೊಂಡಿತ್ತು. "ಎಲ್ಲರೂ ಪುಕ್ಕಟೆ ಓದಬಹುದು ಮಾವ, ಓಪನ್ ಆಕ್ಸೆಸ್" ಅಂದಳು. ಶೆಟ್ಟರ ಮುಖ ಅರಳಿತು. "ಆದರೆ ಖರ್ಚು ಬರೆದವರೇ ಕೊಡಬೇಕು." ಅರಳಿದ್ದು ಮುದುಡಿತು. ಕೇಳಿದ ಮೊತ್ತ ಅವಳ ಮೂರು ತಿಂಗಳ ಪಗಾರ. ಪಾಗಾರ ಹೋಗಲಿಲ್ಲ, ಓದುವವರ ಮನೆ ಮುಂದಿದ್ದದ್ದನ್ನು ಎತ್ತಿ ಬರೆಯುವವರ ಮನೆ ಮುಂದೆ ಇಟ್ಟಿದ್ದರು. ಇದರಲ್ಲೂ ದೊಡ್ಡ ಹೋಟೆಲು, ಸಣ್ಣ ಹೋಟೆಲು ಎಂದು ಇದೆ. ನೇಚರ್ ಪತ್ರಿಕೆ 2020ರ ನವೆಂಬರಿನಲ್ಲಿ ಇಂಥ ಶುಲ್ಕ ಸಾರಿದಾಗ ಒಂದು ಲೇಖನಕ್ಕೆ 9,500 ಯೂರೋ ಅಂದಿತು. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲೆ.

"ಅಳಿಯಕಟ್ಟಿನಲ್ಲಿ ಸೊಸೆಗೆ ಆಸ್ತಿ ಕೊಡಬೇಕು, ಅದು ಗೊತ್ತುಂಟು. ಅವಳ ಲೇಖನಕ್ಕೂ ಪಾಲು ಕೊಡಬೇಕಾ ರಾಯರೇ?" ಎಂದು ಶೆಟ್ಟರು ನನ್ನನ್ನೇ ಕೇಳಿದರು.

ಪಗಾರ ಎಂಬ ಮಾತು ಬಂದದ್ದರಿಂದ ನನ್ನ ತಲೆ ಪೋರ್ಚುಗಲ್ ಕಡೆ ಹೋಯಿತು. ನಿವೃತ್ತನ ತಲೆ, ಎಲ್ಲಿಗೆ ಬೇಕಾದರೂ ಹೋಗುತ್ತದೆ, ಟಿಕೇಟು ಬೇಡ. ಯುರೋಪಿನ ಪಶ್ಚಿಮದ ಅಂಚಿನಲ್ಲಿ ಸಮುದ್ರಕ್ಕೆ ಅಂಟಿಕೊಂಡಿರುವ ಚಿಕ್ಕ ದೇಶ ಅದು. ಇಡೀ ದೇಶದ ಜನ ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು. 2011ರ ಜನಗಣತಿಯಲ್ಲಿ ನಮ್ಮ ಬೃಹನ್ಮುಂಬಯಿಯೊಂದರಲ್ಲೇ ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ. ಅಂದರೆ ಈ ಮುಂಬಯಿ, ಪೋರ್ಚುಗಲ್ಲಿಗೆ ಅಪ್ಪನಾಗಿ ಬೆಳೆದಿದೆ. ಒಂದು ಕಾಲದಲ್ಲಿ ಈ ದ್ವೀಪಗಳು ಅವರ ಕೈಯಲ್ಲಿದ್ದವು. 1661ರ ಒಪ್ಪಂದದಲ್ಲಿ ತಮ್ಮ ರಾಜಕುಮಾರಿಯ ಜೊತೆಗೆ ಬೊಂಬಾಯಿಯನ್ನೂ ಇಂಗ್ಲೆಂಡಿನ ಅರಸನಿಗೆ ವರದಕ್ಷಿಣೆಯಾಗಿ ಬರೆದುಕೊಟ್ಟರು. ಅಳಿಯ ಅದನ್ನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ಮುಂಬಯಿಯಲ್ಲಿ ಅಷ್ಟು ಅಗ್ಗದ ಬಾಡಿಗೆ ಆಮೇಲೆ ಯಾರಿಗೂ ಸಿಕ್ಕಿಲ್ಲ.

ಆ ಒಪ್ಪಂದಕ್ಕೂ ನೂರು ವರ್ಷ ಮುಂಚೆ ಈ ದ್ವೀಪವನ್ನು ಗುತ್ತಿಗೆ ಹಿಡಿದಿದ್ದವನು ಒಬ್ಬ ವೈದ್ಯ, ಗಾರ್ಸಿಯಾ ದ ಓರ್ತಾ. ಇಂದಿನ ಟೌನ್‌ಹಾಲಿನ ಹಿಂಭಾಗದಲ್ಲಿ ಅವನ ಮನೆ, ತೋಟ. ದ್ವೀಪದ ಹುಟ್ಟುವಳಿ ಅವನದು. ಅತ್ತ ಗೋವೆಯಲ್ಲಿ ವೈದ್ಯಕೀಯ, ಜೊತೆಗೆ ಭಾರತದ ಗಿಡಮೂಲಿಕೆಗಳ ಅಧ್ಯಯನ. ಅವನ ಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಆ ಪುಸ್ತಕದಲ್ಲಿ ನನಗೆ ಇಷ್ಟವಾಗುವ ಸಂಗತಿ ಎರಡು. ಒಂದು, ಅದನ್ನು ಅವನು ಪಂಡಿತರ ಲ್ಯಾಟಿನ್ನಿನಲ್ಲಿ ಬರೆಯದೆ ತನ್ನ ಮನೆಮಾತಿನಲ್ಲಿ ಬರೆದ. ಎರಡು, ಅದು ಪೂರ್ತಿ ಇಬ್ಬರ ಸಂಭಾಷಣೆ; ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ, ನಡುವೆ ಬೊಂಬಾಯಿಯ ಒಕ್ಕಲು ಬುಟ್ಟಿ ತುಂಬ ಮಾವಿನಹಣ್ಣು ತಂದು ನಿಲ್ಲುತ್ತಾನೆ. ಹರಟೆಯೇ ಅಲ್ಲವೆ ಅದು! ಮುಂಬಯಿಯ ಹುಟ್ಟುವಳಿ ಉಂಡ ಮೊದಲ ಸಂಶೋಧನಾ ಗ್ರಂಥ ಹರಟೆಯ ರೂಪದಲ್ಲಿದೆ ಎಂದು ಹೇಳಿದಾಗ ಶೆಟ್ಟರು, "ಹಾಗಾದರೆ ನಾವು ಮಾಡುವುದೂ ರಿಸರ್ಚೇ" ಎಂದು ಸಮಾಧಾನಪಟ್ಟರು. ನಾಲ್ಕು ವರ್ಷದೊಳಗೆ, 1567ರಲ್ಲಿ, ಕ್ಲೂಸಿಯಸ್ ಎಂಬ ವಿದ್ವಾಂಸ ಅದನ್ನು ಲ್ಯಾಟಿನ್ನಿಗೆ ಸಂಗ್ರಹಿಸಿ ಯುರೋಪಿಗೆಲ್ಲ ಹಂಚಿದ. ಓರ್ತಾನ ಗತಿ ಮಾತ್ರ ನೆಟ್ಟಗಾಗಲಿಲ್ಲ. ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದನೆಂದು, ಸತ್ತ ಹನ್ನೆರಡು ವರ್ಷದ ಮೇಲೆ ಧರ್ಮವಿಚಾರಣೆಯವರು ಅವನ ಎಲುಬು ಅಗೆದು ತೆಗೆದು ಸುಟ್ಟರು. ಜ್ಞಾನದ ಪಾಗಾರ ಯಾವಾಗಲೂ ದುಡ್ಡಿನದೇ ಆಗಿರಬೇಕೆಂದಿಲ್ಲ.

ಈಗಿನ ಪೋರ್ಚುಗಲ್ ಏನು ಮಾಡಿತು? ಮಿನ್ಯೋ ವಿಶ್ವವಿದ್ಯಾಲಯ 2003ರಲ್ಲೇ ತನ್ನವರ ಲೇಖನಗಳನ್ನು ಎಲ್ಲರೂ ಓದುವಂತೆ ಇಡಲು ಅಂತರ್ಜಾಲದಲ್ಲಿ ಬಯಲು ಕಣಜವೊಂದನ್ನು ಕಟ್ಟಿತು. ಬರೆದದ್ದನ್ನು ಅಲ್ಲಿ ಇಡಲೇಬೇಕು ಎಂದು ನಿಯಮ ಮಾಡಿತು. 2004ರಲ್ಲಿ ಇಡೀ ದೇಶದ ಪರವಾಗಿ ಪತ್ರಿಕೆಗಳಿಗೆ ಒಟ್ಟಿಗೆ ಚಂದಾ ಕಟ್ಟುವ ಏರ್ಪಾಡು ಬಂತು. 2008ರಲ್ಲಿ ದೇಶದ ಎಲ್ಲ ಕಣಜಗಳನ್ನೂ ಒಂದೇ ಕಡೆ ಹುಡುಕುವ ಬಾಗಿಲು ತೆರೆಯಿತು. 2014ರಲ್ಲಿ ಅಲ್ಲಿನ ವಿಜ್ಞಾನ ಪ್ರತಿಷ್ಠಾನ, ನಮ್ಮ ಅನುದಾನದಿಂದ ನಡೆದ ಕೆಲಸದ ಲೇಖನ ಎಲ್ಲರಿಗೂ ಸಿಗುವಂತಿರಬೇಕು ಎಂದು ಕಟ್ಟು ಹಾಕಿತು. ಆ ದೇಶದ ವಿಜ್ಞಾನದ ಬೆಳವಣಿಗೆಯ ಹಿಂದೆ ಒಬ್ಬ ಮನುಷ್ಯನ ಹಟವೂ ಇತ್ತು: ಭೌತವಿಜ್ಞಾನಿ, ಅನೇಕ ವರ್ಷ ವಿಜ್ಞಾನ ಮಂತ್ರಿಯಾಗಿದ್ದ ಜೋಸೆ ಮರಿಯಾನೋ ಗಾಗೋ. ಸಂಶೋಧನೆಗೆ ಆ ದೇಶ 2022ರಲ್ಲಿ ಖರ್ಚು ಮಾಡಿದ್ದು ತನ್ನ ಒಟ್ಟು ಉತ್ಪನ್ನದ ನೂರಕ್ಕೆ 1.7ರಷ್ಟು. ನಮ್ಮದು 2020–21ರ ಲೆಕ್ಕಕ್ಕೆ 0.64.

"ಅಂದರೆ ನೂರು ರೂಪಾಯಿ ವ್ಯಾಪಾರದಲ್ಲಿ ಅರವತ್ನಾಲ್ಕು ಪೈಸೆ" ಅಂದರು ಶೆಟ್ಟರು. "ನಾನು ಟಿಶ್ಯೂ ಪೇಪರಿಗೇ ಅದಕ್ಕಿಂತ ಜಾಸ್ತಿ ಹಾಕ್ತೇನೆ."

ಹಾಗೆಂದು ನಮ್ಮವರು ಕೈಕಟ್ಟಿ ಕೂತಿಲ್ಲ. ಒಂದು ದೇಶ, ಒಂದು ಚಂದಾ ಎಂಬ ಯೋಜನೆಗೆ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟು, 2025ರ ಜನವರಿಯಿಂದ ಅದು ಶುರುವಾಗಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆ. 6,300 ಸರ್ಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ಜನರಿಗೆ ಉಪಯೋಗ. ಬ್ಯಾಂಕಿನವನ ಚಟ, ಅಲ್ಲೇ ಭಾಗಿಸಿ ನೋಡಿದೆ: ತಲೆಗೆ ವರ್ಷಕ್ಕೆ ಸುಮಾರು ಹನ್ನೊಂದು ನೂರು ರೂಪಾಯಿ. ಮೂರು ಜನ ಒಂದು ಸಲ ಏಸಿ ಹಾಲಿನಲ್ಲಿ ಊಟ ಮಾಡಿದಷ್ಟು. ಆಯ್ದ ಒಳ್ಳೆಯ ಪತ್ರಿಕೆಗಳಲ್ಲಿ ಪ್ರಕಟಿಸುವವರ ಶುಲ್ಕಕ್ಕಾಗಿ ವರ್ಷಕ್ಕೆ 150 ಕೋಟಿ ಬೇರೆ. ಮೊದಲು ಒಂದೊಂದು ಸಂಸ್ಥೆ ಒಂದೊಂದು ದರಕ್ಕೆ ಚೌಕಾಸಿ ಮಾಡುತ್ತಿತ್ತು. ಈಗ ದೇಶವೇ ಸಗಟು ಗಿರಾಕಿ.

"ಮತ್ತೆ ಇವಳಿಗೆ ಯಾಕೆ ಸಿಗಲಿಲ್ಲ?"

ಅದೇ ಕತೆ. ಯೋಜನೆಯ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ. ಶೆಟ್ಟರ ಸೊಸೆಯ ಕಾಲೇಜು ಖಾಸಗಿ. ಪೊವಾಯಿಯ ಐಐಟಿಯಲ್ಲಿರುವ ಅವಳ ಗೆಳತಿ ಬೆರಳಾಡಿಸಿದರೆ ತೆರೆಯುವ ಲೇಖನ, ಘಾಟ್ಕೋಪರಿನಲ್ಲಿ ಇವಳಿಗೆ ತೆರೆಯುವುದಿಲ್ಲ. ಇಬ್ಬರೂ ಒಂದೇ ಖಾರಿಯ ಕೆಸರು ತುಳಿದವರು. ಇವಳು ಗೆಳತಿಗೆ ವಾಟ್ಸಾಪ್ ಮಾಡುತ್ತಾಳೆ, ಗೆಳತಿ ಕಳಿಸುತ್ತಾಳೆ. ಉಪ್ಪಿನಕಾಯಿ ಬಟ್ಟಲನ್ನು ಪಾಗಾರದ ಮೇಲಿಂದ ದಾಟಿಸಿದ ಹಾಗೆ.

ಪಾಗಾರ ಹಾರುವವರೂ ಇದ್ದಾರೆ. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕಿಯಾನ್ ಎಂಬ ತರುಣಿ 2011ರಲ್ಲಿ ಸೈ-ಹಬ್ ಎಂಬ ತಾಣ ಕಟ್ಟಿ ಕೋಟ್ಯಂತರ ಲೇಖನಗಳನ್ನು ಗೋಡೆ ದಾಟಿಸಿಬಿಟ್ಟಳು. ದೊಡ್ಡ ಪ್ರಕಾಶಕರು 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಅದನ್ನು ದೇಶದಲ್ಲಿ ತಡೆಯಲು ಆದೇಶವಾಯಿತು. ಗೋಡೆಯಲ್ಲಿ ಕಿಂಡಿ ಕಂಡರೆ ಮುಚ್ಚುವುದು ಸೊಸೈಟಿ ಸೆಕ್ರೆಟರಿಯ ಧರ್ಮ. ಇಷ್ಟು ಜನ ಕಿಂಡಿಯಲ್ಲೇ ಯಾಕೆ ನುಸುಳುತ್ತಾರೆ, ಗೇಟು ಎಲ್ಲಿಟ್ಟಿದ್ದೀರಿ ಎಂದು ಕೇಳುವುದು ಸದಸ್ಯರ ಧರ್ಮ.

ಇನ್ನು ಗೇಟೇ ಇಲ್ಲದೆ ಬರೀ ಗಲ್ಲಾ ಇಟ್ಟುಕೊಂಡವರ ಪಂಗಡವೊಂದಿದೆ. ದುಡ್ಡು ಕಟ್ಟಿ, ಮೂರು ದಿನದಲ್ಲಿ ಅಚ್ಚು ಎನ್ನುವ ಪತ್ರಿಕೆಗಳು. ಓದದೆ ಒಪ್ಪುತ್ತವೆ, ಒಪ್ಪಿ ಬಿಲ್ಲು ಕಳಿಸುತ್ತವೆ. ಹೈದರಾಬಾದಿನ ಅಂಥ ಒಂದು ದೊಡ್ಡ ಪ್ರಕಾಶನಕ್ಕೆ ಅಮೆರಿಕದ ನ್ಯಾಯಾಲಯ 2019ರಲ್ಲಿ ಐದು ಕೋಟಿ ಡಾಲರಿಗೂ ಹೆಚ್ಚು ತೆರುವಂತೆ ತೀರ್ಪು ಕೊಟ್ಟಿತು. ಬಡ್ತಿಗೆ ಇಷ್ಟು ಲೇಖನ ಎಂದು ಎಣಿಸುವ ಪದ್ಧತಿ ಇರುವವರೆಗೆ ಈ ಅಂಗಡಿಗಳಿಗೆ ಗಿರಾಕಿ ತಪ್ಪುವುದಿಲ್ಲ.

ಹಾಗಾದರೆ ಓದುವವನಿಗೂ ಬಿಲ್ಲಿಲ್ಲ, ಬರೆಯುವವನಿಗೂ ಬಿಲ್ಲಿಲ್ಲ ಎನ್ನುವ ದಾರಿಯೇ ಇಲ್ಲವೆ? ಇದೆ, ಮತ್ತು ಅದು ನಮ್ಮ ಮುಂಬಯಿಯಲ್ಲೇ ಇತ್ತು. ಪರೇಲಿನ ಕೆಇಎಂ ಆಸ್ಪತ್ರೆ ಮತ್ತು ಸೇಠ್ ಜಿಎಸ್ ವೈದ್ಯಕೀಯ ಕಾಲೇಜಿನ ವೈದ್ಯರ ಸಂಘ 1955ರಿಂದ ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್ ಎಂಬ ಪತ್ರಿಕೆ ನಡೆಸುತ್ತ ಬಂದಿದೆ. ಮಹಾನಗರಪಾಲಿಕೆಯ ಆಸ್ಪತ್ರೆ ಅದು. ಹೊರರೋಗಿಗಳ ಸಾಲು ನೋಡಿದವರಿಗೆ ಅಲ್ಲಿನ ವೈದ್ಯರಿಗೆ ಪತ್ರಿಕೆ ತಿದ್ದಲು ಯಾವ ಗಳಿಗೆ ಸಿಗುತ್ತದೆಂದು ಆಶ್ಚರ್ಯವಾಗಬೇಕು. ಈ ಶತಮಾನದ ಆರಂಭದಲ್ಲೇ ಅವರು ಅದನ್ನು ಪೂರ್ತಿ ಅಂತರ್ಜಾಲಕ್ಕೆ ಹಾಕಿ ಎಲ್ಲರಿಗೂ ಬಿಟ್ಟರು. ಬರೆದವರಿಂದಲೂ ಕಾಸು ಕೇಳಲಿಲ್ಲ. ಅಚ್ಚಿನ ಪ್ರತಿಯ ಚಂದಾ, ಜಾಹೀರಾತು, ಸಂಘದ ಬೆನ್ನೆಲುಬು, ಇಷ್ಟರಲ್ಲೇ ಖರ್ಚು ತೂಗಿಸಿದರು. ಪುಕ್ಕಟೆ ಬಿಟ್ಟರೆ ಚಂದಾದಾರರು ಓಡಿಹೋಗುತ್ತಾರೆ ಎಂದು ಹೆದರಿಸಿದವರಿದ್ದರು; ಓಡಲಿಲ್ಲ. ಬದಲಿಗೆ ಹೊರದೇಶದಿಂದ ಲೇಖನಗಳು ಬರತೊಡಗಿದವು.

ಆ ಕೆಲಸದ ಹಿಂದಿದ್ದ ಸಂಸ್ಥೆ ಮೆಡ್‌ನೋ. ಡಿ. ಕೆ. ಸಾಹು ಎಂಬ ಮಕ್ಕಳ ವೈದ್ಯರು ಕಟ್ಟಿದ್ದು. ಅದೇ ಕ್ರಮದಲ್ಲಿ ದೇಶದ ವೈದ್ಯ ಸಂಘಗಳ ನೂರಕ್ಕೂ ಹೆಚ್ಚು ಪತ್ರಿಕೆಗಳನ್ನು ಅದು ಓದುಗರಿಗೆ ಬಿಟ್ಟುಕೊಟ್ಟಿತು. ಅದರ ಕಚೇರಿ ಎಲ್ಲಿತ್ತು ಗೊತ್ತೆ? ಇದೇ ಘಾಟ್ಕೋಪರ್ ಪೂರ್ವದಲ್ಲಿ, ಕೆನರಾ ಬಿಸಿನೆಸ್ ಸೆಂಟರಿನಲ್ಲಿ. ಕೆನರಾ ಎಂಬ ಹೆಸರು ಕೇಳಿದ ಕೂಡಲೇ ಶೆಟ್ಟರು ಎದೆ ಉಬ್ಬಿಸಿದರು, ತಾವೇ ಪತ್ರಿಕೆ ತಿದ್ದಿದ ಹಾಗೆ. 2011ರಲ್ಲಿ ಆ ಸಂಸ್ಥೆಯನ್ನು ವೋಲ್ಟರ್ಸ್ ಕ್ಲೂವರ್ ಎಂಬ ದೊಡ್ಡ ಕಂಪನಿ ಕೊಂಡಿತು. ಆ ಕಂಪನಿಯ ಊರು ಯಾವುದು? ನೆದರ್ಲೆಂಡ್ಸ್. ಯುರೋಪಿನ ಇನ್ನೊಂದು ಚಿಕ್ಕ ದೇಶ. ಚಿಕ್ಕ ದೇಶಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು ರಾಯರೇ ಎಂದು ಶೆಟ್ಟರೇ ನನಗೆ ಬುದ್ಧಿ ಹೇಳಿದರು.

ಸಂಶೋಧನೆಗೆ ದುಡ್ಡು ಎಲ್ಲಿಂದ ಬರಬೇಕು ಎಂಬುದು ಹಳೆಯ ಪ್ರಶ್ನೆ. ಭೌತವಿಜ್ಞಾನಿ ಹೋಮಿ ಭಾಭಾ ಬೆಂಗಳೂರಿನಲ್ಲಿದ್ದಾಗ, 1944ರ ಮಾರ್ಚಿನಲ್ಲಿ, ಸಂಶೋಧನಾ ಸಂಸ್ಥೆಗೆ ನೆರವು ಕೇಳಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಆ ಪತ್ರದಿಂದ ಹುಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನಿನಲ್ಲಿ ಬೆಂಗಳೂರಿನಲ್ಲೇ ಕಣ್ಣು ತೆರೆದು, ಅದೇ ವರ್ಷ ಡಿಸೆಂಬರಿನೊಳಗೆ ಮುಂಬಯಿಗೆ ಗಾಡಿ ಹತ್ತಿತು. ನಮ್ಮೆಲ್ಲರ ಹಾಗೆ ಅದೂ ಕರ್ನಾಟಕದಿಂದ ಹೊಟ್ಟೆಪಾಡಿಗೆ ಬಂದದ್ದು ಎಂದು ನಾನು ಹೆಮ್ಮೆಯಿಂದ ಹೇಳುವುದುಂಟು. ಈಗ 2023ರ ಕಾಯ್ದೆಯಿಂದ ಬಂದ, ಸಂಶೋಧನೆಗೆ ಹಣ ಒದಗಿಸುವ ಅನುಸಂಧಾನ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿಯ ಗುರಿ, ಅದರಲ್ಲಿ ದೊಡ್ಡ ಪಾಲು ಖಾಸಗಿಯವರಿಂದ ಬರಬೇಕು. ಅಂದು ಒಂದು ಕಾಗದಕ್ಕೆ ಬಂತು. ಇಂದು ಕಾಯ್ದೆಗೆ ಬರುತ್ತದೆಯೋ ನೋಡೋಣ.

ಕೊಲಾಬಾದ ಆ ಸಂಸ್ಥೆಯ ಗ್ರಂಥಾಲಯದಲ್ಲಿ ಒಬ್ಬ ಕನ್ನಡಿಗರಿದ್ದರು, ಶ್ರೀನಿವಾಸ ಹಾವನೂರ. ಸುತ್ತಲೂ ಕಣಭೌತಶಾಸ್ತ್ರ, ಗಣಿತ. ಅವರ ಮನಸ್ಸೆಲ್ಲ ಹತ್ತೊಂಬತ್ತನೆಯ ಶತಮಾನದ ಕನ್ನಡದಲ್ಲಿ. ಹೊಸಗನ್ನಡ ಹೇಗೆ ಹುಟ್ಟಿತು ಎಂದು ಹಳೆಯ ಅಚ್ಚಿನ ಪುಸ್ತಕ, ಪತ್ರಿಕೆ, ವರದಿಗಳನ್ನು ಬೆನ್ನಟ್ಟಿ ಅವರು ಬರೆದ ಹೊಸಗನ್ನಡದ ಅರುಣೋದಯ 1974ರಲ್ಲಿ ಹೊರಬಂತು. ಆ ಕಾಲದವರನ್ನು ಕುರಿತು ಏನು ಬರೆಯಬೇಕಾದರೂ ಇಂದಿಗೂ ಅದರ ಮುಂದೆ ಒಮ್ಮೆ ಕೂರಲೇಬೇಕು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಅದನ್ನು ಬೇಕಾದವನ ಕೈಗೆ ಹೇಗೆ ಮುಟ್ಟಿಸಬೇಕು ಎಂಬುದೇ ಗ್ರಂಥಪಾಲಕನ ಬದುಕು. ಆ ಬದುಕಿನವರಿಂದಲೇ ಅಂಥ ಪುಸ್ತಕ ಬಂದದ್ದು ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸುತ್ತದೆ.

ಕನ್ನಡದ ಸಂಶೋಧನೆಯ ಮಾತು ಬಂದಾಗ ಶೆಟ್ಟರ ಸೊಸೆ ಕೇಳಿದಳು: "ಅಂಕಲ್, ಕನ್ನಡದವರಿಗೆ ಈ ಪೇವಾಲ್ ಕಷ್ಟ ಇಲ್ವಾ?"

ನಮಗೆ ಎಲ್ಲಿಯ ಪೇವಾಲು ಮಗಳೇ! ಬರೆದವನೇ ಖರ್ಚು ಕೊಡುವುದು, ಓದುವವನಿಗೆ ಪುಕ್ಕಟೆ. ಈ ಪದ್ಧತಿಯನ್ನು ಯುರೋಪು ಈಗ ಕಂಡುಹಿಡಿದಿದೆ. ಮುಂಬಯಿ ಕನ್ನಡಿಗರು ಎಂದೋ ಶುರುಮಾಡಿದ್ದಾರೆ. ಪಿಎಫ್ ಹಣ ತೆಗೆದು ಪುಸ್ತಕ ಅಚ್ಚು ಹಾಕಿಸುತ್ತೇವೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹೀಮಿನ ಕರ್ನಾಟಕ ಸಂಘದಲ್ಲೋ ಬಿಡುಗಡೆ. ಬಂದವರಿಗೆ ಉಪ್ಪಿಟ್ಟು, ಕಾಫಿ, ಜೊತೆಗೆ ಗೌರವ ಪ್ರತಿ. ಹಸ್ತಾಕ್ಷರವನ್ನೂ ಹಾಕಿಕೊಡುತ್ತೇವೆ, ಮರಳಿ ಮಾರದಿರಲಿ ಎಂದು. ಉಳಿದ ಎಂಟುನೂರು ಪ್ರತಿ ಮಂಚದ ಕೆಳಗೆ; ಮನೆಯವಳು ದಿನಕ್ಕೊಮ್ಮೆ ಕಸಬರಿಗೆಯಿಂದ ಅದಕ್ಕೆ ವಿಮರ್ಶೆ ಬರೆಯುತ್ತಾಳೆ. ಇದು ನನ್ನ ಸ್ವಂತ ಅನುಭವ; ಎರಡು ಪುಸ್ತಕ, ಎರಡು ಮಂಚ.

ಆದರೆ ನಮ್ಮ ಪಾಗಾರ ಬೇರೆ ಬಗೆಯದು. ದುಡ್ಡಿನದಲ್ಲ, ಧೂಳಿನದು. ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗದಿಂದ ಎಷ್ಟು ಜನ ಮುಂಬಯಿ ಕನ್ನಡದ ಮೇಲೆ ದುಡಿದಿದ್ದಾರೆ! ಹೋಟೆಲು ಕಾರ್ಮಿಕರು, ರಾತ್ರಿ ಶಾಲೆಗಳು, ಯಕ್ಷಗಾನ ಮಂಡಳಿಗಳು, ಇಲ್ಲಿ ಹುಟ್ಟಿ ನಿಂತುಹೋದ ಪತ್ರಿಕೆಗಳು. ಆ ಪುಟಗಳು ಬಿಟ್ಟರೆ ಆ ಬದುಕಿಗೆ ಬೇರೆ ಸಾಕ್ಷಿ ಕಡಿಮೆ. ಪಿಎಚ್‌ಡಿ ಪ್ರಬಂಧವನ್ನು ಗಣಕದ ಪ್ರತಿಯಲ್ಲೂ ಕೊಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ದೇಶದ ಲಕ್ಷಗಟ್ಟಲೆ ಪ್ರಬಂಧಗಳು ಶೋಧಗಂಗಾ ಎಂಬ ಕಣಜ ಸೇರಿ ಯಾರು ಬೇಕಾದರೂ ಓದುವಂತಾಗಿವೆ. ಅದಕ್ಕೆ ಮುಂಚಿನ ಎಷ್ಟೋ ಪ್ರಬಂಧಗಳು ಟೈಪು ಮಾಡಿ ಕೆಂಪು ರಟ್ಟು ಕಟ್ಟಿದ ಸ್ಥಿತಿಯಲ್ಲೇ ಕಪಾಟಿನಲ್ಲೋ ಅಟ್ಟದ ಮೇಲೋ ಇವೆ. ಹೊರಗೆ ಬಂದವು ಕೆಲವು. ಬೆಂಗಳೂರಿನಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವಿಗೆ ಏರಿಸುತ್ತಿದ್ದಾರೆ. 1894ರ ಕಿಟ್ಟೆಲ್ ನಿಘಂಟು ಇವತ್ತು ನನ್ನ ಜೇಬಿನ ಮೊಬೈಲಿನಲ್ಲಿ ಕಾಸಿಲ್ಲದೆ ತೆರೆಯುತ್ತದೆ. ನಮ್ಮವರೇ ಮೂವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಬರೆದ ಪ್ರಬಂಧ ತೆರೆಯುವುದಿಲ್ಲ.

ಶೆಟ್ಟರ ಸೊಸೆಯ ಕತೆ ಹೇಳಿ ಮುಗಿಸುತ್ತೇನೆ. ಅವಳು ಆ ಪತ್ರಿಕೆಯಿಂದ ಲೇಖನ ಹಿಂತೆಗೆದುಕೊಂಡಳು. ಚಂದಾದಾರರಿಗೆ ಮಾತ್ರ ಸಿಗುವ, ಆದರೆ ಬರೆದವರಿಂದ ಕಾಸು ಕೇಳದ ಇನ್ನೊಂದಕ್ಕೆ ಕಳಿಸಿದಳು. ಅನೇಕ ಪ್ರಕಾಶಕರ ಕರಾರಿನಲ್ಲಿ ಒಂದು ಸಣ್ಣ ಸಾಲು ಇರುತ್ತದೆ: ಒಪ್ಪಿಗೆಯಾದ ಹಸ್ತಪ್ರತಿಯನ್ನು, ಅವರ ಪುಟವಿನ್ಯಾಸವಿಲ್ಲದೆ, ಲೇಖಕರು ಬಯಲು ಕಣಜದಲ್ಲಿ ಇಡಬಹುದು, ಕೆಲವೊಮ್ಮೆ ಇಂತಿಷ್ಟು ತಿಂಗಳು ಕಾದ ಮೇಲೆ. ಆ ಸಾಲನ್ನು ಹೆಚ್ಚಿನವರು ಓದುವುದಿಲ್ಲ. ಇವಳು ಓದಿದಳು. ಪೋರ್ಚುಗೀಸರು ನಮ್ಮ ಭಾಷೆಗೆ ಪಗಾರವನ್ನಷ್ಟೇ ಕೊಟ್ಟವರಲ್ಲ, ಚಾವಿ ಎಂಬ ಮಾತನ್ನೂ ಕೊಟ್ಟವರು ಎಂದು ಅವಳಿಗೆ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ, ಮೊಬೈಲಿನಲ್ಲಿದ್ದಳು.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ, ಅಕ್ಕನ ಮನೆಯಲ್ಲಿ, ಮಾವನ ಮನೆಯಲ್ಲಿ 2009ಕ್ಕೆ ಮುಂಚೆ ಪಿಎಚ್‌ಡಿ ಮಾಡಿದವರಿದ್ದರೆ ಆ ಕೆಂಪು ರಟ್ಟಿನ ಪ್ರತಿಯನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಗೆದ್ದಲು ಹಿಡಿಯುವ ಮುಂಚೆ ಸ್ಕ್ಯಾನ್ ಮಾಡಿಸಿ. ಬರೆದವರ ಒಪ್ಪಿಗೆ ಪಡೆದು ವಿಶ್ವವಿದ್ಯಾಲಯಕ್ಕೋ ಆರ್ಕೈವಿಗೋ ಒಂದು ಪ್ರತಿ ತಲುಪಿಸಿ. ಸ್ಟೇಷನ್ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಅದಕ್ಕಾಗುವ ಖರ್ಚು, ಶೆಟ್ಟರ ಹೋಟೆಲಿನಲ್ಲಿ ನಾಲ್ಕು ಜನ ಊಟ ಮಾಡಿದ್ದಕ್ಕಿಂತ ಹೆಚ್ಚಾಗುವುದಿಲ್ಲ.